ರಾಮರಾಯ ಗೆದ್ದಿದ್ದರೆ?

ಹೊಸಪೇಟೆಯ ಚಹಾದಂಗಡಿಯಿಂದ ಹಂಪಿ ಉತ್ಸವದ ವೇದಿಕೆಯವರೆಗೆ ಯಾರೂ ಎದುರಾಡದ ಮಾತೊಂದಿದೆ. 1565ರ ಜನವರಿ 23ರಂದು ರಕ್ಕಸತಂಗಡಿಯಲ್ಲಿ ವಿಜಯನಗರದ ಅಳಿಯ ರಾಮರಾಯ ಗೆದ್ದಿದ್ದರೆ, ಅವನ ಸೇನೆಯ ಗಿಲಾನಿ ಸೋದರರು ಕೈಕೊಡದೆ ಇದ್ದಿದ್ದರೆ, ಕೃಷ್ಣೆಯಿಂದ ಕನ್ಯಾಕುಮಾರಿಯವರೆಗೆ ಒಂದೇ ರಾಜ್ಯ ಉಳಿಯುತ್ತಿತ್ತು. ಮೊಗಲರು ಇತ್ತ ತಲೆ ಹಾಕುತ್ತಿರಲಿಲ್ಲ, ಇಂಗ್ಲಿಷರು ಕಾಲೂರುತ್ತಿರಲಿಲ್ಲ. ಗೈಡುಗಳು ಹೇಳುತ್ತಾರೆ, ಓದಿದವರೂ ತಲೆದೂಗುತ್ತಾರೆ. ನನಗಂತೂ ಒಪ್ಪಿಗೆಯಿಲ್ಲ.

'ಹಾಗಾಗಿದ್ದರೆ' ಎಂದು ಕೇಳುವುದೇ ತಪ್ಪು ಎನ್ನುವ ಮಡಿವಂತ ಇತಿಹಾಸಕಾರರ ಸಾಲಿಗೆ ನಾನು ಸೇರಿದವನಲ್ಲ. ಧಾರಾಳವಾಗಿ ಕೇಳಬೇಕು. ಉತ್ತರ ಯುರೋಪಿನವರಿಗೂ ಈ ಗೀಳಿದೆ: ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರೂ 1397ರ ಕಾಲ್ಮಾರ್ ಒಕ್ಕೂಟದಲ್ಲೇ ಉಳಿದಿದ್ದರೆ, 1940ರ ಏಪ್ರಿಲ್‌ನಲ್ಲಿ ಹಿಟ್ಲರನ ಸೈನ್ಯ ಡೆನ್ಮಾರ್ಕ್, ನಾರ್ವೆಗಳಿಗೆ ಅಷ್ಟು ಸಲೀಸಾಗಿ ನುಗ್ಗುತ್ತಿತ್ತೇ? ಆದರೆ ಆ ಒಕ್ಕೂಟ ಒಡೆದದ್ದು ಒಳಗಿನವರಿಂದಲೇ. 1520ರಲ್ಲಿ, ಕೃಷ್ಣದೇವರಾಯ ರಾಯಚೂರು ಗೆದ್ದ ವರ್ಷವೇ, ಒಕ್ಕೂಟದ ದೊರೆ ಸ್ಟಾಕ್‌ಹೋಮಿನಲ್ಲಿ ಸ್ವೀಡನ್ನಿನ ಗಣ್ಯರ ತಲೆ ಕಡಿಸಿದ. ಮೂರೇ ವರ್ಷದಲ್ಲಿ ಸ್ವೀಡನ್ ಬೇರೆಯಾಯಿತು. ಅಖಂಡ ರಾಜ್ಯವೊಂದನ್ನು ಕಲ್ಪಿಸುವವರು ಅದರೊಳಗಿನ ಜಗಳಗಳನ್ನು ಮಾತ್ರ ಕಲ್ಪಿಸಿಕೊಳ್ಳುವುದಿಲ್ಲ.

ನಮ್ಮಲ್ಲಿ ಆ ಜಗಳಗಳಿಗೆ ಬರವಿತ್ತೇ? 1542ರಲ್ಲಿ ಅಚ್ಯುತರಾಯ ತೀರಿಕೊಂಡ. ಪಟ್ಟಕ್ಕೆ ಬಂದ ಎಳೆಯ ಮಗನನ್ನು ಸೋದರಮಾವ ಸಲಕರಾಜು ತಿರುಮಲನೇ ಕೊಲ್ಲಿಸಿದ. ಆ ತಿರುಮಲನನ್ನು ರಾಮರಾಯ ಮುಗಿಸಿ ಸದಾಶಿವರಾಯನನ್ನು ಸಿಂಹಾಸನದಲ್ಲಿ ಕೂರಿಸಿದ. ಆಮೇಲೆ ಆತನನ್ನೇ ಸೆರೆಯಲ್ಲಿಟ್ಟು, ವರ್ಷಕ್ಕೊಮ್ಮೆ ಪ್ರಜೆಗಳಿಗೆ ತೋರಿಸುವ ಏರ್ಪಾಡು ಮಾಡಿದ. ಯುದ್ಧ ನಡೆದಾಗ ರಾಮರಾಯ ಮುದುಕ. ಗೆದ್ದು ಬಂದಿದ್ದರೂ ಅವನ ನಂತರ ಯಾರು ಎಂಬ ಪ್ರಶ್ನೆ ಅರಮನೆಯ ಬಾಗಿಲಲ್ಲೇ ಕಾದಿರುತ್ತಿತ್ತು: ಹೆಸರಿಗೊಬ್ಬ ರಾಯ, ಅಧಿಕಾರದ ರುಚಿ ಕಂಡ ತಮ್ಮಂದಿರು, ಬೆಳೆದ ಮಕ್ಕಳು. ಇದನ್ನು ಊಹೆ ಎಂದು ತಳ್ಳಿಹಾಕುವವರು 1614ನ್ನು ನೋಡಲಿ. ಆ ವರ್ಷ ಎರಡನೆಯ ವೆಂಕಟಪತಿರಾಯ ಸತ್ತ ಕೂಡಲೇ ರಾಮರಾಯನದೇ ಅರವೀಡು ಮನೆತನದೊಳಗೆ ಕತ್ತಿ ಎದ್ದಿತು. 1616ರಲ್ಲಿ ತೋಪೂರಿನಲ್ಲಿ ನಾಯಕರು ಎರಡು ಪಾಳೆಯವಾಗಿ ಬಡಿದಾಡಿದರು. ಅಲ್ಲಿ ಯಾವ ಸುಲ್ತಾನನೂ ಇರಲಿಲ್ಲ. 1610ರಲ್ಲಿ ಶ್ರೀರಂಗಪಟ್ಟಣವನ್ನು ರಾಯರ ಪ್ರತಿನಿಧಿಯ ಕೈಯಿಂದ ಕಿತ್ತುಕೊಂಡವನು ಮೈಸೂರಿನ ರಾಜ ಒಡೆಯ.

ಇನ್ನು ದ್ರೋಹದ ಕತೆ. ಇದಕ್ಕೆ ಆಧಾರ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್. ಯುದ್ಧವಾದ ಎರಡು ವರ್ಷಕ್ಕೆ, 1567ರಲ್ಲಿ, ಹಂಪಿಗೆ ಬಂದು ಏಳು ತಿಂಗಳು ಇದ್ದವನು. ತಲಾ ಎಪ್ಪತ್ತೆಂಬತ್ತು ಸಾವಿರ ಜನರಿದ್ದ ಇಬ್ಬರು ಮುಸ್ಲಿಂ ಸೇನಾಪತಿಗಳು ಕೈಕೊಟ್ಟರೆಂದು ಅವನು ಕೇಳಿದ್ದನ್ನು ಬರೆದ. ಇತಿಹಾಸಕಾರ ಫೆರಿಶ್ತಾ ಕೊಡುವ ಚಿತ್ರ ಬೇರೆ: ಸುಲ್ತಾನರ ಕಡೆಯ ರೂಮಿಖಾನನ ತೋಪುಗಳು ಗುಂಡಿನ ಬದಲು ತಾಮ್ರದ ಕಾಸು ಉಗುಳಿದವು, ಸಾಲು ಒಡೆಯಿತು, ನುಗ್ಗಿ ಬಂದ ಆನೆಗೆ ಬೆದರಿ ಬೋಯಿಗಳು ಪಲ್ಲಕ್ಕಿ ಬಿಟ್ಟೋಡಿದರು, ರಾಮರಾಯ ಸೆರೆ ಸಿಕ್ಕ. ಎರಡೂ ಸುದ್ದಿಗಳಲ್ಲಿ ಸ್ವಲ್ಪ ಸ್ವಲ್ಪ ನಿಜವಿರಬಹುದು. ಆದರೆ ನಾವು ಒಂದನ್ನೇ ಹಿಡಿದುಕೊಂಡೆವು, ಏಕೆಂದರೆ ಮೋಸದಿಂದ ಸೋತವನು ಸೋತ ಹಾಗಲ್ಲ.

ಮೋಸವನ್ನೇ ಹುಡುಕುವುದಾದರೆ ಅದು ಎಲ್ಲ ಕಡೆಯೂ ಇತ್ತು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ದೊರೆಯಾಗುವ ಮೊದಲು ಏಳು ವರ್ಷ ರಾಮರಾಯನ ಆಶ್ರಯದಲ್ಲಿ ಬೆಳೆದವನು. ಮಗನನ್ನು ಕಳೆದುಕೊಂಡ ರಾಮರಾಯನನ್ನು ಸಂತೈಸಲು ಬಿಜಾಪುರದ ಅಲಿ ಆದಿಲ್ ಶಾಹ ತಾನೇ ಬಂದಿದ್ದ. ಮನೆಯವರು ಅವನನ್ನು ಮಗನೆಂದು ಕರೆದರಂತೆ. ಅದೇ ಅಲಿಯ ಜತೆ ಸೇರಿ ರಾಮರಾಯ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ಅಂದರೆ ದಖ್ಖನದ ಪಗಡೆಯಲ್ಲಿ ವಿಜಯನಗರವೂ ಒಬ್ಬ ಆಟಗಾರ. ಉಳಿದವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದರಲ್ಲಿ ರಾಮರಾಯ ಎಷ್ಟು ನಿಪುಣನಾಗಿದ್ದನೆಂದರೆ, ಕೊನೆಗೆ ಅವರೆಲ್ಲ ಚಾಂದ್ ಬೀಬಿಯ ಮದುವೆ, ಸೋಲಾಪುರದ ಬಳುವಳಿ ಎಂದು ಬೀಗರಾಗಿ ಒಂದಾಗಬೇಕಾಯಿತು. ಆ ಒಗ್ಗಟ್ಟೂ ಬಾಳಲಿಲ್ಲ. ಗೆದ್ದ ಕೆಲವೇ ವರ್ಷಗಳಲ್ಲಿ ಬಿಜಾಪುರಕ್ಕೂ ಅಹಮದ್‌ನಗರಕ್ಕೂ ಮತ್ತೆ ಕಾದಾಟ.

ಪರಂಗಿಯವರ ವಿಷಯದಲ್ಲಂತೂ ವಾದ ತಲೆಕೆಳಗಾಗುತ್ತದೆ. ಗೋವೆಗೆ ಬರುವ ಕುದುರೆಗಳಿಗೆ ವಿಜಯನಗರದಷ್ಟು ದೊಡ್ಡ ಗಿರಾಕಿ ಇನ್ನೊಬ್ಬರಿರಲಿಲ್ಲ. 1547ರಲ್ಲಿ ಪೋರ್ಚುಗೀಸರ ಜತೆ ಒಪ್ಪಂದವೂ ಆಯಿತು. ಅವರನ್ನು ಕಡಲಿಗೆ ದಬ್ಬಲು 1570-71ರಲ್ಲಿ ಒಟ್ಟಾಗಿ ಏರಿ ಹೋದವರು ಬಿಜಾಪುರ, ಅಹಮದ್‌ನಗರದ ಸುಲ್ತಾನರು ಮತ್ತು ಕಲ್ಲಿಕೋಟೆಯ ಸಾಮೂದಿರಿ. ಇಂಗ್ಲಿಷ್ ಕಂಪನಿಗೆ 1639ರಲ್ಲಿ ಮದ್ರಾಸಿನ ಕಡಲತಡಿಯನ್ನು ಬರೆದುಕೊಟ್ಟವನು ವಿಜಯನಗರದ ಅರಸರಿಗೇ ನಡೆದುಕೊಳ್ಳುತ್ತಿದ್ದ ದಾಮರ್ಲ ವೆಂಕಟಾದ್ರಿ ನಾಯಕ. ಬಾಗಿಲು ತೆರೆದು ಚಾಪೆ ಹಾಸಿದ್ದು ರಾಯರ ಕಡೆಯವರೇ ಎಂಬುದನ್ನು ಯಾವ ಗೈಡೂ ಹೇಳುವುದಿಲ್ಲ.

'ಗೆದ್ದಿದ್ದರೆ' ಎಂದು ಕೊರಗುವ ವಿಷಯದಲ್ಲಿ ಕಂಪ್ಲಿಯವರು ವಾಸಿ. 1327ರಲ್ಲಿ ದಿಲ್ಲಿಯ ತುಘಲಕನಿಗೆ ಎದುರು ನಿಂತು ಕಂಪಿಲರಾಯ ಮಡಿದ. ಶರಣು ಬಂದ ಬಹಾವುದ್ದೀನ್ ಗುರ್ಶಾಸ್ಪನನ್ನು ಒಪ್ಪಿಸಲೊಲ್ಲದೆ ಕೆಟ್ಟ ರಾಜ್ಯವದು. ಅಲ್ಲಿನ ಜನ ಮಗ ಕುಮಾರರಾಮನನ್ನು ಹಾಡಿದರು, ಕತೆ ಕಟ್ಟಿದರು. 'ಕಂಪ್ಲಿ ಗೆದ್ದಿದ್ದರೆ' ಎಂದು ಮಾತ್ರ ಯಾರೂ ಕೊರಗುವುದಿಲ್ಲ. ಕೊರಗಿದರೆ ಪೇಚು: ಕಂಪ್ಲಿ ಗೆದ್ದಿದ್ದರೆ ಹತ್ತೇ ವರ್ಷದೊಳಗೆ ಅದೇ ಹೊಳೆಯ ದಡದಲ್ಲಿ ವಿಜಯನಗರ ತಲೆಯೆತ್ತಲು ಜಾಗವೆಲ್ಲಿರುತ್ತಿತ್ತು? ಸಂಡೂರಿನ ಲೆಕ್ಕವೂ ಹೀಗೇ. ಬಿಜಾಪುರದ ಚಾಕರಿಯಲ್ಲಿ ಮೇಲೆ ಬಂದ ಘೋರ್ಪಡೆ ಮನೆತನ, 1949ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿಹೋಗುವ ತನಕ, ಆ ಗುಡ್ಡಗಳ ನಡುವೆ ಆಳಿತು. ಅಖಂಡ ವಿಜಯನಗರದ ಕಲ್ಪನೆಯಲ್ಲಿ ಸಂಡೂರೇ ಇಲ್ಲ.

ಹಾಗಾದರೆ 1565ರಲ್ಲಿ ಹೋದದ್ದೇನು? ರಾಜ್ಯ ಹೋಗಲಿಲ್ಲ; ಪೆನುಗೊಂಡ, ಚಂದ್ರಗಿರಿ, ವೆಲ್ಲೂರುಗಳಿಂದ ಇನ್ನೂ ಎಂಬತ್ತು ವರ್ಷ ಉಸಿರಾಡಿತು. ಹೋದದ್ದು ರಾಜಧಾನಿ, ಈ ಹಂಪಿ. ಕದನ ನಡೆದದ್ದು ಇಲ್ಲಿಂದ ನೂರು ಕಿಲೋಮೀಟರಿಗೂ ಆಚೆ, ಕೃಷ್ಣೆಯ ಬಳಿ. ಇಲ್ಲಿ ಸುತ್ತಿನ ಮೇಲೆ ಸುತ್ತು ಕೋಟೆ, ಬೆನ್ನಿಗೆ ತುಂಗಭದ್ರೆ, ಒಳಗೆ ಕಾಲುವೆಯ ನೀರು. ರಾಮರಾಯನ ತಮ್ಮ ತಿರುಮಲ ಕೋಟೆಬಾಗಿಲು ಹಾಕಿಸಿ ನಿಲ್ಲಲಿಲ್ಲ. ಬೊಕ್ಕಸವನ್ನು ಆನೆಗಳ ಮೇಲೆ ಹೇರಿ, ಸದಾಶಿವರಾಯನನ್ನೂ ಕರೆದುಕೊಂಡು ಪೆನುಗೊಂಡೆಯ ದಾರಿ ಹಿಡಿದ. ಊರಿನ ಜನರನ್ನು ಹಿಂದೆಯೇ ಬಿಟ್ಟ. ನಮ್ಮ ನಾಟಕಗಳಲ್ಲಿ ರಣರಂಗಕ್ಕೆ ಗಂಟೆಗಟ್ಟಲೆ ಹೊತ್ತಿದೆ, ಈ ಪಲಾಯನಕ್ಕೆ ಐದು ನಿಮಿಷವೂ ಇಲ್ಲ.

ಊರನ್ನು ಸೂರೆಗೊಂಡು ಸುಲ್ತಾನರು ಹೋದ ಮೇಲೆ ತಿರುಮಲ ವಾಪಸು ಬಂದ. ಫ್ರೆಡರಿಕ್ ಕಂಡಾಗ ಮನೆಗಳು ಪೂರ್ತಿ ಬಿದ್ದಿರಲಿಲ್ಲ, ಬರೀ ಖಾಲಿಯಾಗಿದ್ದವು. ಊರನ್ನು ಮತ್ತೆ ಕಟ್ಟುವ ಹಂಬಲ ತಿರುಮಲನಿಗೆ ಇತ್ತು. ಗೋವೆಯ ವ್ಯಾಪಾರಿಗಳಿಗೆ ಹೇಳಿಕಳಿಸಿದ: ಕುದುರೆ ತನ್ನಿ, ಒಳ್ಳೆಯ ಬೆಲೆ ಕೊಡುತ್ತೇನೆ. ನಂಬಿ ತಂದರು. ಕುದುರೆಗಳನ್ನು ಇಟ್ಟುಕೊಂಡು ಅವರನ್ನು ಬರಿಗೈಯಲ್ಲಿ ಕಳಿಸಿದ. ಪೇಟೆಯಿಂದಲೇ ಬದುಕಿದ್ದ ಊರಿಗೆ ಪೇಟೆಯವರು ಆಮೇಲೆ ಯಾವ ಧೈರ್ಯದ ಮೇಲೆ ಬಂದಾರು? ಯಾರಾದರೂ ಪರ್ಯಾಯ ಚರಿತ್ರೆ ಬರೆಯುವುದಿದ್ದರೆ ರಾಮರಾಯ ಗೆದ್ದ ಕತೆ ನನಗೆ ಬೇಡ. ತಿರುಮಲ ಆ ಕುದುರೆಗಳ ದುಡ್ಡು ಕೊಟ್ಟ ಕತೆ ಬರೆಯಲಿ, ಓದುತ್ತೇನೆ.