ಕುದುರೆಯ ಕಿವಿ: ‘ಹಯವದನ’ ಮತ್ತು ‘ದಗಡೂ ಪರಬನ ಅಶ್ವಮೇಧ’ ಮತ್ತೊಮ್ಮೆ

ಗಿರೀಶ ಕಾರ್ನಾಡರ ‘ಹಯವದನ’ದ (1971) ಮಾತು ಬಂದಾಗಲೆಲ್ಲ ನಾವು ಚರ್ಚೆ ಮಾಡುವುದು ದೇವದತ್ತ, ಕಪಿಲ, ಪದ್ಮಿನಿಯರ ಬಗ್ಗೆ. ತಲೆ ದೊಡ್ಡದೋ ದೇಹ ದೊಡ್ಡದೋ ಎಂಬ ಪ್ರಶ್ನೆ, ಥಾಮಸ್ ಮಾನ್ ಕಥೆಯ ಋಣ, ಯಕ್ಷಗಾನದ ತಂತ್ರ, ಬಿ.ವಿ. ಕಾರಂತರ ಸಂಗೀತ. ನಾಟಕಕ್ಕೆ ಹೆಸರು ಕೊಟ್ಟ ಕುದುರೆಮುಖದ ಆಸಾಮಿಯನ್ನು ಮಾತ್ರ ತಮಾಷೆಯ ಉಪಕಥೆ ಎಂದು ಬದಿಗಿಡುತ್ತೇವೆ. ಈ ಸಲ ಅವನನ್ನೇ ಮುಂದಿಟ್ಟುಕೊಂಡು ಓದಿದೆ. ಅದಕ್ಕೆ ಕಾರಣವಾದದ್ದು ಯಾವ ವಿಮರ್ಶೆಯ ಪುಸ್ತಕವೂ ಅಲ್ಲ, ನಮ್ಮ ಎಚ್‌ಆರ್ ವಿಭಾಗ.

ನಮ್ಮಂಥ ಐಟಿ ಕಂಪನಿಗಳಲ್ಲಿ ಈಚೆಗೆ ಒಂದು ಮಾತು ಚಾಲ್ತಿಗೆ ಬಂದಿದೆ: ಪ್ರಾಣಿಗಳಿಂದ ಕಲಿಯಿರಿ, ವಿಶೇಷವಾಗಿ ಕುದುರೆಗಳಿಂದ. ಕುದುರೆಗೆ ನಿನ್ನೆಯಿಲ್ಲ, ನಾಳೆಯಿಲ್ಲ. ಅದು ಈ ಕ್ಷಣದಲ್ಲೇ ಇರುತ್ತದೆ. ಪಕ್ಕದಲ್ಲಿ ನಿಂತು ಉಸಿರಾಡಿದರೆ ಅದರ ಶಾಂತಿ ನಮಗೂ ಹತ್ತುತ್ತದೆ. ಕರ್ಜತ್ ಕಡೆಯ ಒಂದು ಫಾರ್ಮ್‌ಹೌಸಿನಲ್ಲಿ ಹನ್ನೆರಡು ಜನ ಮ್ಯಾನೇಜರುಗಳು ಮೊಬೈಲನ್ನು ಬುಟ್ಟಿಗೆ ಹಾಕಿ ಹೀಗೆ ನಿಂತೆವು. ನನಗೇನೂ ಬೇಸರವಾಗಲಿಲ್ಲ. ಕುದುರೆಯ ಬೆಚ್ಚನೆಯ ಮೈ, ಹುಲ್ಲಿನ ವಾಸನೆ, ಮೂರು ಗಂಟೆ ಕಾಲ ಕಾಲ್ ಇಲ್ಲ, ಇಮೇಲ್ ಇಲ್ಲ, ಒಳ್ಳೆಯದೇ ಅನಿಸಿತು. ಆದರೆ ನನ್ನ ಪಾಲಿಗೆ ಬಂದ ಕಂದು ಕುದುರೆ ಶಾಂತವಾಗಿದೆ ಎಂದು ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಅದರ ಕಿವಿಗಳು ಒಂದು ಆ ಕಡೆ, ಒಂದು ಈ ಕಡೆ ತಿರುಗುತ್ತಲೇ ಇದ್ದವು. ದೂರದಲ್ಲಿ ಯಾರೋ ಗೇಟು ತೆರೆದರೆ ಅದಕ್ಕೆ ನನಗಿಂತ ಮೊದಲೇ ಗೊತ್ತಾಗುತ್ತಿತ್ತು.

ಗೊತ್ತಾಗಲೇಬೇಕು. ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಸಿಕ್ಕುವ ಪ್ರಾಣಿ. ತಲೆಯ ಎರಡೂ ಪಕ್ಕದಲ್ಲಿ ಕಣ್ಣುಗಳಿರುವುದು ಅದಕ್ಕಾಗಿಯೇ. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಒಂದಿಷ್ಟು ಜಾಗ ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಕಾಲಿನ ಕೀಲುಗಳಿಗೆ ಬೀಗ ಹಾಕಿದಂತೆ ನಿಂತೇ ತೂಕಡಿಸಬಲ್ಲದು. ಗಾಢ ನಿದ್ದೆಗೆ ಮಾತ್ರ ನೆಲಕ್ಕೆ ಮಲಗಲೇಬೇಕು. ಹಿಂಡಿನಲ್ಲಿ ಕೆಲವು ಮಲಗಿದಾಗ ಸಾಮಾನ್ಯವಾಗಿ ಯಾವುದಾದರೂ ಒಂದು ನಿಂತೇ ಇರುತ್ತದೆ. ಮಲಗಿದ ಕುದುರೆಯ ನೆಮ್ಮದಿ ನಿಂತ ಕುದುರೆಯ ಎಚ್ಚರದಿಂದ ಬಂದದ್ದು. ಅದು ಒಂಟಿಯಾಗಿ ಕೂತು ಸಾಧಿಸಿದ ಧ್ಯಾನವಲ್ಲ.

ಮನುಷ್ಯನನ್ನೂ ಅದು ಇದೇ ಎಚ್ಚರದಿಂದ ಓದುತ್ತದೆ. ಬರ್ಲಿನ್ನಿನ ‘ಜಾಣ ಹ್ಯಾನ್ಸ್’ ಎಂಬ ಕುದುರೆಯ ಕಥೆ ಕೇಳಿರಬಹುದು. ಲೆಕ್ಕ ಕೇಳಿದರೆ ಗೊರಸಿನಿಂದ ನೆಲ ಕುಟ್ಟಿ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಗುಟ್ಟು ಬಿಡಿಸಿದ. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಅವನ ತಲೆ ಅವನಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹ್ಯಾನ್ಸ್ ಅದನ್ನು ಕಂಡು ಕುಟ್ಟುವುದು ನಿಲ್ಲಿಸುತ್ತಿತ್ತು. ಹ್ಯಾನ್ಸ್‌ಗೆ ಗಣಿತ ಬರುವುದಿಲ್ಲ ಎಂದು ತಿಳಿದು ಜನ ನಿರಾಶರಾದರಂತೆ. ನನಗೆ ಇದು ಗಣಿತಕ್ಕಿಂತ ದೊಡ್ಡ ವಿದ್ಯೆ ಎಂದೇ ಅನಿಸುತ್ತದೆ. ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ 28 ಕುದುರೆಗಳಿಗೆ ಮನುಷ್ಯರ ಮುಖದ ಫೋಟೋ ತೋರಿಸಿದರು. ಸಿಟ್ಟಿನ ಮುಖ ಕಂಡಾಗ ಅವುಗಳ ಎದೆಬಡಿತ ಬೇಗ ಏರಿತು, ಎಡಗಣ್ಣಿನಿಂದ ನೋಡುವುದು ಹೆಚ್ಚಾಯಿತು. ಅಂದರೆ ಫಾರ್ಮ್‌ಹೌಸಿನ ಆ ಕಂದು ಕುದುರೆ ನನಗೆ ಶಾಂತಿ ಹಂಚುತ್ತಿರಲಿಲ್ಲ. ನಾನೆಂಥ ಪ್ರಾಣಿ ಎಂದು ತಪಾಸಣೆ ಮಾಡುತ್ತಿತ್ತು.

ಹಾಗಾಗಿ ನನ್ನ ವಾದ ಇಷ್ಟು. ಎಚ್ಚರ ಬೇರೆ, ಶಾಂತಿ ಬೇರೆ. ಪ್ರಾಣಿಗಳು ಮೊದಲನೆಯದರಲ್ಲಿ ಪಳಗಿದವು. ಎರಡನೆಯದು ಅವುಗಳ ಮೇಲೆ ನಾವು ಹೊರಿಸಿದ್ದು. ಕನ್ನಡದ ಒಳ್ಳೆಯ ಬರಹಗಾರರಿಗೆ ಈ ವ್ಯತ್ಯಾಸ ತರಬೇತುದಾರರಿಗಿಂತ ಚೆನ್ನಾಗಿ ಗೊತ್ತಿತ್ತು.

ಮುಂಬೈಯಲ್ಲೇ ದಶಕಗಳ ಕಾಲ ಇದ್ದು, ಔಷಧ ಕಂಪನಿಯ ಕೆಲಸದ ನಡುವೆ ಬರೆದ ಜಯಂತ ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’ವನ್ನೇ ನೋಡಿ. 1989ರಲ್ಲಿ ಬಂದ ಸಂಕಲನಕ್ಕೂ ಅದೇ ಹೆಸರು. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ನಲ್ಲೂ ಈ ಕಥೆಯಿದೆ, ಆ ಪುಸ್ತಕಕ್ಕೆ 2018ರ ಡಿಎಸ್‌ಸಿ ಬಹುಮಾನ ಬಂದ ಮೇಲೆ ನನ್ನ ಕನ್ನಡೇತರ ಸಹೋದ್ಯೋಗಿಗಳೂ ಓದಿದರು. ಕಥೆಯ ಮೂಲ ಘಟನೆ ಸರಳ: ಮದುವೆ ಮೆರವಣಿಗೆಯ ಬಾಡಿಗೆ ಕುದುರೆ ಬೆದರಿ, ಬೆನ್ನ ಮೇಲಿದ್ದ ಮದುಮಗನ ಸಮೇತ ಓಟ ಕೀಳುತ್ತದೆ.

ನಮ್ಮ ಉಪನಗರಗಳಲ್ಲಿ ಮದುವೆ ಸೀಸನ್ನಿನಲ್ಲಿ ಸಂಜೆ ಮನೆಗೆ ಹೊರಟವರಿಗೆಲ್ಲ ಈ ಕುದುರೆಯ ಪರಿಚಯವಿದೆ. ಮುಂದೆ ಬ್ಯಾಂಡು, ಪಕ್ಕದಲ್ಲಿ ತಲೆಯ ಮೇಲೆ ದೀಪ ಹೊತ್ತವರು, ಹಿಂದೆ ಗುಡುಗುಡು ಜನರೇಟರು, ಅದರ ಹಿಂದೆ ಹಾರ್ನ್ ಹೊಡೆಯುವ ನಾವು. ನಡುವೆ ಜರಿಯ ಹೊದಿಕೆ ಹೊತ್ತ ಬಿಳಿ ಕುದುರೆ, ಅಲುಗದೆ ನಿಂತಿರುತ್ತದೆ. ಎಷ್ಟು ಶಾಂತ ಎಂದು ಮೆಚ್ಚಿಕೊಳ್ಳುತ್ತೇವೆ. ಕಾಯ್ಕಿಣಿ ಮಾಡಿದ್ದು ಆ ಶಾಂತಿಯನ್ನು ಒಡೆದದ್ದು. ಆ ಮೆರವಣಿಗೆಯಲ್ಲಿ ಎಲ್ಲರೂ ತಮಗೆ ಕೊಟ್ಟ ಪಾತ್ರ ಮಾಡುತ್ತಿದ್ದಾರೆ. ನಿಜವಾಗಿ ಅಲ್ಲಿ ‘ಇರುವ’ ಜೀವ ಕುದುರೆಯೊಂದೇ. ಆದ್ದರಿಂದಲೇ ಅದು ಓಡುತ್ತದೆ.

ಕಥೆಯ ಹೆಸರಿನಲ್ಲಿ ಇನ್ನೊಂದು ಚುರುಕಿದೆ. ನಮ್ಮ ಅಜ್ಜಂದಿರು ಗಮಕದಲ್ಲಿ ಕೇಳಿದ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಕಥೆ ನಡೆಯುವುದೇ ಧರ್ಮರಾಯನ ಅಶ್ವಮೇಧದ ಕುದುರೆಯ ಹಿಂದೆ. ಅದನ್ನು ಯಾರು ಕಟ್ಟಿದರು, ಯಾರು ಕಾದರು, ಯಾರು ಬಿಡಿಸಿದರು ಎಂಬುದೇ ಕಾವ್ಯದ ಸೊಗಸು. ಕುದುರೆ ಸ್ವಚ್ಛಂದ ತಿರುಗುತ್ತದೆ ಎನ್ನುತ್ತೇವೆ. ಹಿಂದೆ ಒಂದು ಸೇನೆಯಿದೆ, ಕೊನೆಗೊಂದು ಯೂಪಸ್ತಂಭ. ದಗಡೂನ ಕುದುರೆಯ ಹಿಂದೆ ಸೇನೆಯಿಲ್ಲ, ಅದು ಓಡಿದ ನೆಲ ಯಾರ ರಾಜ್ಯಕ್ಕೂ ಸೇರುವುದಿಲ್ಲ. ಒಂದು ಸೆಂಟಿನ ಜಾಗಕ್ಕೂ ಬೆಲೆ ಕಟ್ಟುವ ಈ ಊರಿನಲ್ಲಿ ಏನನ್ನೂ ಗೆಲ್ಲದ ಒಂದು ಓಟ! ಕಾಯ್ಕಿಣಿಯವರ ಕೆಲವು ಕಥೆಗಳಲ್ಲಿ ಕರುಣೆ ಸ್ವಲ್ಪ ಸುಲಭವಾಗಿ ಸಿಗುತ್ತದೆ ಎಂಬ ತಕರಾರು ನನಗಿದೆ. ಈ ಕಥೆಯ ಕುದುರೆ ಅದರಿಂದ ತಪ್ಪಿಸಿಕೊಂಡಿದೆ.

ಓಡದೆ ನಿಂತ ಕುದುರೆಯ ಬಗ್ಗೆಯೂ ಒಂದು ಮಾತು. 1967ರ ಸುಮಾರಿಗೆ ಅಮೆರಿಕದಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಕ್ರೂರ ಪ್ರಯೋಗ ಮಾಡಿದರು. ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ ಆಘಾತ ಕೊಟ್ಟ ನಾಯಿಗಳಲ್ಲಿ ಬಹಳಷ್ಟು, ಮುಂದೆ ಸುಲಭದ ದಾರಿ ಇಟ್ಟಾಗಲೂ ತಪ್ಪಿಸಿಕೊಳ್ಳುವ ಯತ್ನವನ್ನೇ ಮಾಡಲಿಲ್ಲ, ಸುಮ್ಮನೆ ಮಲಗಿದವು. ಹೊರಗಿನಿಂದ ನೋಡಿದವರಿಗೆ ಅದೂ ಶಾಂತಿಯಂತೆಯೇ ಕಾಣುತ್ತದೆ. ಇಪ್ಪತ್ತು ವರ್ಷಗಳ ಪ್ರಾಜೆಕ್ಟ್ ಕೆಲಸದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಜಗಳಾಡುವ ಟೀಮಲ್ಲ, ಪ್ರತಿ ಸೋಮವಾರ ಎಲ್ಲ ಸಾಲನ್ನೂ ಹಸಿರು ಬಣ್ಣದಲ್ಲಿ ತೋರಿಸಿ ಸುಮ್ಮನಿರುವ ಟೀಮು. ಪ್ರಶ್ನೆ ಇದೆಯಾ ಎಂದರೆ ಮ್ಯೂಟಿನಲ್ಲಿ ಹದಿನಾಲ್ಕು ಹೆಸರು. ಆ ಹದಿನಾಲ್ಕರಲ್ಲಿ ಎಷ್ಟು ಮಂದಿ ನೆಮ್ಮದಿಯಿಂದಿದ್ದಾರೆ, ಎಷ್ಟು ಮಂದಿ ಕೈಚೆಲ್ಲಿದ್ದಾರೆ? ಶಾಂತವಾಗಿರಲು ಕಲಿಸುವ ತರಬೇತಿಗೆ ಕಂಪನಿ ಯಾಕೆ ದುಡ್ಡು ಕೊಡುತ್ತದೆ ಎಂಬುದನ್ನು ಓದುಗರು ತಾವೇ ಯೋಚಿಸಿ. ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ನಾಗಪ್ಪ ಇದನ್ನು ಯೋಚಿಸಿದವನು. ಮುಂಬೈಯ ಕಂಪನಿಯೊಂದರಲ್ಲಿ ಸಸ್ಪೆಂಡ್ ಆಗಿ, ಪ್ರತಿ ಸದ್ದಿಗೂ ಕಿವಿ ನಿಮಿರಿಸುವ ಅವನಿಗೆ ಯಾರಾದರೂ ‘ಈ ಕ್ಷಣದಲ್ಲಿರು’ ಎಂದಿದ್ದರೆ ನಕ್ಕುಬಿಡುತ್ತಿದ್ದ. ಅವನಷ್ಟು ಈ ಕ್ಷಣದಲ್ಲಿರುವವರು ಕನ್ನಡ ಕಾದಂಬರಿಯಲ್ಲೇ ಕಡಿಮೆ.

ಮಲೆನಾಡಿನ ಲೇಖಕರಲ್ಲೂ ಪ್ರಾಣಿಗಳು ಉಪದೇಶ ಮಾಡುವುದಿಲ್ಲ. ಕುವೆಂಪು ಅವರ ಗುತ್ತಿಯ ನಾಯಿ ಹುಲಿಯ, ತೇಜಸ್ವಿಯವರ ‘ಪರಿಸರದ ಕತೆ’ಯ ಕಿವಿ, ಇವೆರಡೂ ಮೂಗು ನೆಲಕ್ಕಿಟ್ಟು ತಮ್ಮ ಕೆಲಸ ನೋಡಿಕೊಳ್ಳುತ್ತವೆ. ‘ಕರ್ವಾಲೊ’ದಲ್ಲಿ ಇಡೀ ತಂಡ ಕಾಡು ಸುತ್ತಿ ಹುಡುಕಿದ ಹಾರುವ ಓತಿ ಕೊನೆಗೆ ಕಣ್ಣೆದುರೇ ಕಣಿವೆಗೆ ಜಾರಿಹೋಗುತ್ತದೆ. ಅವರಿಗೆ ಸಿಕ್ಕಿದ್ದು ಮನಶ್ಶಾಂತಿಯಲ್ಲ, ಕೆಲವು ಕ್ಷಣದ ನೋಟ. ತೇಜಸ್ವಿಗೆ ಅಷ್ಟು ಸಾಕಿತ್ತು.

ಮತ್ತೆ ಹಯವದನನಿಗೆ ಬರೋಣ. ಅವನ ತಾಯಿ ಕರ್ನಾಟಕದ ರಾಜಕುಮಾರಿ. ಸ್ವಯಂವರಕ್ಕೆ ಬಂದ ರಾಜಕುಮಾರನನ್ನು ಬಿಟ್ಟು ಅವನ ಬಿಳಿ ಕುದುರೆಯನ್ನೇ ವರಿಸಿದವಳು. ಹದಿನೈದು ವರ್ಷದ ಸಂಸಾರದ ನಂತರ ಕುದುರೆ ಗಂಧರ್ವನಾದಾಗ ಅವಳಿಗೆ ಅವನು ಬೇಡ; ಶಾಪ ತಗುಲಿ ತಾನೇ ಕುದುರೆಯಾಗಿ ಸಂತೋಷದಿಂದ ಓಡಿಹೋಗುತ್ತಾಳೆ. ಮಗನದು ತದ್ವಿರುದ್ಧ. ಅವನಿಗೆ ಪೂರ್ಣ ಮನುಷ್ಯನಾಗಬೇಕು. ಸಮಾಜಸೇವೆ, ರಾಜಕೀಯ, ದೇಶಭಕ್ತಿ ಎಲ್ಲ ಮಾಡಿ ನೋಡಿದ್ದಾನೆ. ಕಾಳಿಯ ಮುಂದೆ ನಿಂತು ನನ್ನನ್ನು ಪೂರ್ಣ ಮಾಡು ಎಂದು ಬೇಡುವಷ್ಟರಲ್ಲಿ ಅವಳು ಆತುರದಲ್ಲಿ ತಥಾಸ್ತು ಅಂದುಬಿಡುತ್ತಾಳೆ. ಪೂರ್ಣ ಕುದುರೆಯಾಗುತ್ತಾನೆ.

ತರಬೇತಿಯವರ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು: ತಲೆ ದೇಹ ಒಂದಾದವು, ಶಾಂತಿ ಬಂತು. ಕಾರ್ನಾಡರು ಅಲ್ಲಿಗೆ ಬಿಡುವುದಿಲ್ಲ. ಕುದುರೆಯ ಗಂಟಲಲ್ಲಿ ಮನುಷ್ಯನ ಮಾತು ಉಳಿದುಬಿಟ್ಟಿದೆ. ಅದೇ ಅವನ ಹಿಂಸೆ. ಮಾತನ್ನು ಕಳೆದುಕೊಳ್ಳಲು ಅವನು ಹೂಡುವ ಉಪಾಯ ರಾಷ್ಟ್ರಗೀತೆ ಹಾಡುವುದು, ಅದನ್ನು ಹಾಡುವವರ ಕಂಠ ಕೆಟ್ಟಿರುವುದನ್ನು ಅವನು ಗಮನಿಸಿದ್ದಾನಂತೆ. ನಗು ಬರುತ್ತದೆ, ನಿಂತು ಯೋಚಿಸಿದರೆ ನಗು ಅರ್ಧಕ್ಕೆ ನಿಲ್ಲುತ್ತದೆ. ಕೊನೆಗೆ ಆ ಮಾತು ಹೋಗುವುದು ಹಾಡಿನಿಂದಲ್ಲ. ಪದ್ಮಿನಿಯ ಮಗ, ಗೊಂಬೆ ಹಿಡಿದು ಮೌನವಾಗಿದ್ದ ಐದು ವರ್ಷದ ಹುಡುಗ, ಈ ಕುದುರೆಯನ್ನು ಕಂಡು ನಗುತ್ತಾನೆ. ಕುದುರೆಯೂ ನಗುತ್ತದೆ. ನಗುತ್ತ ನಗುತ್ತ ಆ ನಗೆಯೇ ಕೆನೆತವಾಗುತ್ತದೆ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಪೂರ್ಣತೆ ಅವನಿಗೆ ಒಂಟಿಯಾಗಿ ಸಿಗಲಿಲ್ಲ. ದೇವಿಯಿಂದ ಸಿಕ್ಕಿದ್ದು ಅರ್ಧ, ಮಗುವಿನಿಂದ ಇನ್ನರ್ಧ. ನಿಂತ ಕುದುರೆಯ ಕಾವಲಿನಲ್ಲಿ ಮಲಗುವ ಕುದುರೆಯ ಹಾಗೆ. ಎರಡನೆಯದು ಬೆಲೆ. ಅವನು ಕೊಟ್ಟದ್ದು ಭಾಷೆಯನ್ನು. ವಿಮರ್ಶಕರು ಇದನ್ನು ಬಿಡುಗಡೆ ಎಂದು ಓದಿದ್ದಾರೆ. ನಾಟಕ ನೋಡುವಾಗ ನನಗೂ ಹಾಗೇ ಅನಿಸುತ್ತದೆ. ಓದುವಾಗ ಮಾತ್ರ, ಡೊಂಬಿವಲಿಯ ಫ್ಲಾಟಿನಲ್ಲಿ ಕೂತು ಓದುವಾಗ, ಸ್ವಲ್ಪ ಮೈ ಜುಮ್ಮೆನ್ನುತ್ತದೆ. ಹೊಟ್ಟೆಪಾಡಿಗೆ ಬಂದ ಊರಿನಲ್ಲಿ ನಮ್ಮ ಗಂಟಲಲ್ಲೂ ಉಳಿದುಕೊಂಡಿರುವುದು ಇದೊಂದೇ. ಲಿಫ್ಟಿನಲ್ಲಿ ಹಿಂದಿ, ತರಕಾರಿಯವಳ ಹತ್ತಿರ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್. ಎಲ್ಲ ಕಡೆ ಹೊಂದಿಕೊಂಡು, ಮೈಗೆ ಒಪ್ಪುವ ಪೂರ್ಣ ಪ್ರಾಣಿಯಾದ ಮೇಲೂ ಕನ್ನಡ ಗಂಟಲಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಅದು ಹೋದರೆ ಎಷ್ಟೋ ನಿರಾಳ. ನನ್ನ ಮಗಳಿಗೆ ಆ ತೊಂದರೆ ಆಗಲೇ ಅರ್ಧ ಕಡಿಮೆಯಾಗಿದೆ. ಆ ನಿರಾಳವನ್ನು ನಾನು ಶಾಂತಿ ಎಂದು ಕರೆಯಲಾರೆ. ಕಾರ್ನಾಡರು ಕರೆಯುತ್ತಿದ್ದರೋ ಏನೋ, ನಾಟಕ ಅದನ್ನು ನಮಗೇ ಬಿಟ್ಟಿದೆ.

ಅಂದ ಹಾಗೆ ಕಾರ್ನಾಡರು ಹುಟ್ಟಿದ್ದು ನಮ್ಮ ಪಕ್ಕದ ಮಾಥೇರಾನಿನಲ್ಲಿ, 1938ರಲ್ಲಿ. ಬಾಲ್ಯವೆಲ್ಲ ಶಿರಸಿ, ಧಾರವಾಡ. ಹಾಗಾಗಿ ಇದರಿಂದ ನಾನು ಸಿದ್ಧಾಂತವನ್ನೇನೂ ಹೊಸೆಯುವುದಿಲ್ಲ. ನೇರಳ್‌ನಿಂದ ಮೇಲೆ ಹೋದವರಿಗೆ ಗೊತ್ತು, ದಸ್ತುರಿ ನಾಕಾದ ಆಚೆ ಕಾರು ಬಿಡುವುದಿಲ್ಲ. ಕೆಮ್ಮಣ್ಣಿನ ದಾರಿಯಲ್ಲಿ ಕುದುರೆಗಳೇ ಸಾಲುಸಾಲು. ಕಳೆದ ಮಳೆಗಾಲ ಮುಗಿದಾಗ ಅಲ್ಲಿ ಒಬ್ಬ ಘೋಡೇವಾಲಾ ಲಗಾಮು ಹಿಡಿದು ಮುಂದೆ ನಡೆಯುತ್ತಿದ್ದ. ನಿನ್ನ ಕುದುರೆ ಬಹಳ ಶಾಂತ ಎಂದೆ. “ಶಾಂತ ಅಲ್ಲ ಸಾಹೇಬ್, ದಣಿದಿದೆ. ಇವತ್ತು ಭಾನುವಾರ,” ಅಂದ.

ಮುಂಬೈ ನಗರದೊಳಗೆ ಈ ಸಂಭಾಷಣೆಗೆ ಈಗ ಅವಕಾಶ ಕಡಿಮೆ. ಮೋಜಿಗಾಗಿ ಓಡಿಸುವ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರ ಎಂದು ಬಾಂಬೆ ಹೈಕೋರ್ಟು 2015ರ ಜೂನ್‌ನಲ್ಲಿ ತೀರ್ಪು ಕೊಟ್ಟು, ಅವನ್ನು ನಿಲ್ಲಿಸಲು ಒಂದು ವರ್ಷದ ಗಡುವು ಹಾಕಿತು. ಕಿಕ್ಕಿರಿದ ಲಾಯಗಳನ್ನೂ ಡಾಂಬರಿನ ಮೇಲೆ ಜಾರುವ ಲಾಳಗಳನ್ನೂ ನೋಡಿದವರು ಅದನ್ನು ತಪ್ಪೆನ್ನಲಾರರು. 2021ರಲ್ಲಿ ಗೇಟ್‌ವೇ ಹತ್ತಿರ ಹೊಸ ವಿಕ್ಟೋರಿಯಾ ಬಂತು. ಅದೇ ಬೆಳ್ಳಿಬಣ್ಣದ ಕುಸುರಿ, ಅದೇ ಬಾಗಿದ ಸೀಟು, ಕುದುರೆಯ ಜಾಗದಲ್ಲಿ ಸ್ಟಿಯರಿಂಗು ಮತ್ತು ಬ್ಯಾಟರಿ. ಹಯವದನನಿಗೆ ಕುದುರೆಯ ತಲೆ, ಮನುಷ್ಯನ ದೇಹ. ಈ ಗಾಡಿಗೆ ಎರಡೂ ಇಲ್ಲ. ಹೆದರುವುದಿಲ್ಲ, ಬೆದರುವುದಿಲ್ಲ, ಮದುಮಗನನ್ನು ಹೊತ್ತು ಓಡಿಹೋಗುವುದಂತೂ ಇಲ್ಲವೇ ಇಲ್ಲ. ಅದರಲ್ಲಿ ಕೂತು ಸಮುದ್ರ ನೋಡುವವರ ಕಥೆಯನ್ನೂ, ಲಗಾಮು ಬಿಟ್ಟು ಸ್ಟಿಯರಿಂಗ್ ಹಿಡಿದವನ ಕಥೆಯನ್ನೂ ಯಾರಾದರೂ ಬರೆದರೆ ದಯವಿಟ್ಟು ಈ ಪತ್ರಿಕೆಗೇ ಕಳಿಸಿ.