ಅಶ್ವತ್ಥಾಮನಿಗಾದ ಶಿಕ್ಷೆ

ಘೋರ ಹಿಂಸೆಯನ್ನೆಸಗಿದವನು ಅಲ್ಪ ಶಿಕ್ಷೆಯಲ್ಲಿ ಪಾರಾದನೆಂದು ಜನರು ಕುದಿಯುವುದು ಇಂದಿನ ಹೊಸ ಸಂಗತಿಯೇನಲ್ಲ. ಅಶ್ವತ್ಥಾಮನ ಪ್ರಸಂಗದಲ್ಲಿ ನಮ್ಮ ಹಿರಿಯರು ಈ ಕುದಿತವನ್ನು ಕಂಡಿದ್ದರು. ವ್ಯಾಸಭಾರತದ ಸೌಪ್ತಿಕಪರ್ವ ಹಾಗೂ ಭಾಗವತದ ಪ್ರಥಮಸ್ಕಂಧಗಳು ಅದನ್ನು ಬೇರೆ ಬೇರೆಯಾಗಿ ನಿರೂಪಿಸುತ್ತವೆ. ಆ ಭೇದವು ವಿಚಾರಾರ್ಹವಾಗಿದೆ.

ಯುದ್ಧವು ಮುಗಿದ ರಾತ್ರಿ ಅಶ್ವತ್ಥಾಮನು ಪಾಳೆಯವನ್ನು ಹೊಕ್ಕು, ಮಲಗಿದ್ದ ದ್ರೌಪದಿಯ ಐವರು ಮಕ್ಕಳನ್ನು ಕೊಂದನು. ಭಾರತದ ದ್ರೌಪದಿಯು ಕಣ್ಣೀರಿನಲ್ಲಿಯೇ ನಿಲ್ಲುವವಳಲ್ಲ. ಕೊಲೆಗಾರನಿಗೆ ದಂಡನೆಯಾಗದಿದ್ದರೆ ಪ್ರಾಣ ಬಿಡುವೆನೆಂದು ನಿರಶನಕ್ಕೆ ಕುಳಿತುಬಿಡುತ್ತಾಳೆ. ಪಾಂಡವರು ಅವನನ್ನು ಕೊಲ್ಲುವುದಿಲ್ಲ. ಶಿರೋಮಣಿಯನ್ನು ಕಿತ್ತುಕೊಂಡು ಬಿಡುತ್ತಾರೆ. ಉತ್ತರೆಯ ಗರ್ಭದ ಮೇಲೂ ಅಸ್ತ್ರವನ್ನು ತಿರುಗಿಸಿದ ಅವನಿಗೆ, 3000 ವರ್ಷ ಒಂಟಿಯಾಗಿ, ರೋಗಿಯಾಗಿ ಅಲೆಯೆಂದು ಕೃಷ್ಣನ ಶಾಪವಾಗುತ್ತದೆ.

ಭಾಗವತದಲ್ಲಿ ಚಿತ್ರವೇ ಬೇರೆ. ಅರ್ಜುನನು ಅವನನ್ನು ಹಗ್ಗದಿಂದ ಬಿಗಿದು ತರುತ್ತಾನೆ. ಭೀಮನು ಕೊಲ್ಲಬೇಕೆನ್ನುತ್ತಾನೆ. ಬಿಡಿಸಿರೆಂದು ಹೇಳುವವಳು ದ್ರೌಪದಿಯೇ! ಆಕೆ ಕೊಡುವ ಕಾರಣಗಳು ಎರಡು: ಅವನು ಬ್ರಾಹ್ಮಣ, ಗುರುಪುತ್ರ, ಮತ್ತು ತನ್ನಂತೆ ಅವನ ತಾಯಿ ಕೃಪಿಯೂ ಮಕ್ಕಳಿಗಾಗಿ ಅಳಬಾರದು. ಕೊನೆಗೆ ತಲೆ ಬೋಳಿಸಿ, ಮಣಿಯನ್ನು ಕಸಿದು, ಹೊರದೂಡುತ್ತಾರೆ.

ಈ ಎರಡು ಕಾರಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ತನ್ನ ಮಕ್ಕಳನ್ನು ಕಳೆದುಕೊಂಡವಳು ಕೊಲೆಗಾರನ ತಾಯಿಯನ್ನು ನೆನೆಯುವುದು ಮಾನವ ಹೃದಯದ ಶಿಖರ. ಅಲ್ಲಿ ಭಾಗವತಕಾರನಿಗೆ ತಲೆಬಾಗಲೇಬೇಕು. ಆದರೆ ಹುಟ್ಟನ್ನು ನೋಡಿ ದಂಡವನ್ನು ತಗ್ಗಿಸುವುದು ದಯೆಯಲ್ಲ, ಪಕ್ಷಪಾತ. ಹುಟ್ಟಿನ ಮೇಲ್ಮೆಯನ್ನು ನಿರಾಕರಿಸಿದ ಶರಣರ ಮಾರ್ಗದಲ್ಲಿ ನಡೆಯುವವರು ಇದನ್ನು ಒಪ್ಪಲಾರರು.

ಭಾರತದಲ್ಲಿಯೂ ಈ ಪಕ್ಷಪಾತವುಂಟು. ಆದರೂ ಅಲ್ಲಿ ಒಂದು ಹೆಚ್ಚಳವಿದೆ. ಭೀಮನು ಮಣಿಯನ್ನು ತಂದು ದ್ರೌಪದಿಯ ಕೈಗಿತ್ತು, ಅವನನ್ನು ಏಕೆ ಕೊಲ್ಲಲಿಲ್ಲವೆಂಬುದನ್ನು ಅವಳೆದುರು ವಿವರಿಸುತ್ತಾನೆ. ಆಕೆ ಅದನ್ನು ಕೇಳಿ ಒಪ್ಪಿದ ಮೇಲೆಯೇ ಮಣಿಯು ಧರ್ಮರಾಜನ ತಲೆಯನ್ನೇರುತ್ತದೆ. ನೊಂದವಳಿಗೆ ಲೆಕ್ಕವೊಪ್ಪಿಸದೆ ರಾಜ್ಯವು ಮುಂದೆ ಸಾಗುವುದಿಲ್ಲ. ಈ ಸೂಕ್ಷ್ಮವನ್ನು ನಮ್ಮ ಪ್ರವಚನಕಾರರು ಸಾಮಾನ್ಯವಾಗಿ ದಾಟಿಹೋಗುತ್ತಾರೆ.

ಇಂದಿನ ಜನಾಕ್ರೋಶದ ಮೂಲವೂ ಇಲ್ಲಿಯೇ ಇದೆ. 2002ರ ಗುಜರಾತ್ ಗಲಭೆಯಲ್ಲಿ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಗಳಿಗಾಗಿ ಜೀವಾವಧಿ ಶಿಕ್ಷೆಗೊಳಗಾಗಿದ್ದ 11 ಮಂದಿಯನ್ನು 2022ರ ಆಗಸ್ಟ್ 15ರಂದು ಅವಧಿಗೆ ಮುನ್ನ ಬಿಡುಗಡೆ ಮಾಡಲಾಯಿತು. ಅವರಿಗೆ ಹಾರ ಹಾಕಿ ಸಿಹಿ ಹಂಚಿದವರೂ ಇದ್ದರು. ನಿರ್ಣಯಕ್ಕೆ ಮೊದಲು ತನ್ನ ಕ್ಷೇಮವನ್ನು ಯಾರೂ ವಿಚಾರಿಸಲಿಲ್ಲವೆಂದು ಆ ಸಂತ್ರಸ್ತೆ ನೊಂದು ನುಡಿದರು. ಅಲ್ಲಿ ಮಣಿಯನ್ನು ತಂದೊಪ್ಪಿಸುವ ಭೀಮನಿರಲಿಲ್ಲ. 2024ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯವು ಆ ಬಿಡುಗಡೆಯನ್ನು ರದ್ದುಪಡಿಸಿ, ಅವರನ್ನು ಮರಳಿ ಸೆರೆಮನೆಗೆ ಕಳುಹಿಸಿತು.

ಆದರೆ ಆಕ್ರೋಶವೇ ನ್ಯಾಯವಲ್ಲ. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ವಿಚಾರಣೆಗೆ ಮುನ್ನವೇ ಪೊಲೀಸರ ಗುಂಡಿಗೆ ಬಲಿಯಾದಾಗ ಜನರು ಪೊಲೀಸರ ಮೇಲೆ ಹೂವೆರಚಿದರು. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ಆಯೋಗವಾದರೋ, ಅವರನ್ನು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದೂ ಅವರಲ್ಲಿ ಮೂವರು ಅಪ್ರಾಪ್ತವಯಸ್ಕರೆಂದೂ ಅಭಿಪ್ರಾಯಪಟ್ಟಿತು. ರಾತ್ರಿಯ ಕೊಲೆಗೆ ಮತ್ತೊಂದು ಕೊಲೆಯೇ ಉತ್ತರವಾಗುವುದಾದರೆ ಅಶ್ವತ್ಥಾಮನೂ ತಾನು ತಂದೆಯ ಸಾವಿಗೆ ನ್ಯಾಯ ದೊರಕಿಸಿದೆನೆಂದೇ ವಾದಿಸಬಹುದಲ್ಲವೆ?

ದಂಡದ ಅಳತೆಯನ್ನು ಶಾಸನವು ನಿರ್ಧರಿಸಲಿ. ಹುಟ್ಟು, ಬಳಗ, ಅಧಿಕಾರಗಳು ಆ ಅಳತೆಯನ್ನು ಮುಟ್ಟದಿರಲಿ. ಕ್ಷಮೆಯು ಬರುವುದಾದರೆ ನೊಂದವರ ಮಾತನ್ನು ಕೇಳಿದ ಬಳಿಕ ಬರಲಿ. ದ್ರೌಪದಿಯನ್ನು ಹೊರಗಿಟ್ಟು ನೀಡಿದ ಕ್ಷಮೆಯನ್ನು ಯಾವ ಜನತೆಯೂ ದಯೆಯೆಂದು ಕರೆಯಲಾರದು.