ಸೋತವನ ಹೆಸರೇ ಗೆದ್ದಿತು

ಮೂವತ್ತು ವರ್ಷ ಹಾಜರಿ ಕರೆದಿದ್ದೇನೆ. ಹರ್ಷ ಎಂಬ ಹುಡುಗರು ಲೆಕ್ಕವಿಲ್ಲದಷ್ಟು. ಪುಲಿಕೇಶಿ ಮಾತ್ರ ಒಬ್ಬನೇ. ಅವನನ್ನೂ ಉಳಿದವರು 'ಹುಲಿಗೂದಲ' ಎಂದು ಅಳಿಸುತ್ತಿದ್ದರು.

'ಪುಲಿ' ಕನ್ನಡ, 'ಕೇಶ' ಸಂಸ್ಕೃತ. ಹುಲಿಯಂಥ ಕೂದಲುಳ್ಳವನು ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಹಾಗಾದರೆ ಇದು ನಾವು ಮಕ್ಕಳಿಗೆ ದೋಷವೆಂದು ಕಲಿಸುವ ಅರಿಸಮಾಸ! ಬಿರುದುಗಳಿಗೆ ಕೇಶಿರಾಜ ವಿನಾಯಿತಿ ಕೊಟ್ಟ.

543ರಲ್ಲಿ ಬಾದಾಮಿಯ ಕೋಟೆ ಕಟ್ಟಿಸಿದ ಅಜ್ಜನ ಹೆಸರೇ ಮೊಮ್ಮಗ ಇಮ್ಮಡಿ ಪುಲಿಕೇಶಿಗೂ ಬಂತು, ನಮ್ಮ ಮನೆಗಳ ರೂಢಿಯಂತೆ. ಇಮ್ಮಡಿಗೆ ಸೋತ ಹರ್ಷನ ಹರ್ಷವೇ ಹೋಯಿತೆಂದು ರವಿಕೀರ್ತಿ 634ರ ಐಹೊಳೆ ಶಾಸನದಲ್ಲಿ ಶ್ಲೇಷೆ ಮಾಡಿದ್ದಾನೆ. ಕಾಳಿದಾಸ, ಭಾರವಿಯರಿಗೆ ತಾನು ಸಮನೆಂದು ಹೇಳಿಕೊಂಡ ಕವಿ ಅವನು. ಜಾಣ ಮಾತೇ; ಆದರೆ ನನಗೆ ರುಚಿಸದು. ಹೆಸರು ಹಿಡಿದು ಅಣಕಿಸುವುದು ನನ್ನ ತರಗತಿಯ ಹುಡುಗರ ಚೇಷ್ಟೆಗಿಂತ ಹೇಗೆ ಮೇಲು?

ಕಾಲವೇ ಕವಿಗೆ ಉತ್ತರ ಹೇಳಿದೆ. ಗೆದ್ದವನ ಹೆಸರು 1967ರ ರಾಜ್‌ಕುಮಾರ್ ಚಿತ್ರಕ್ಕೆ, ಬೆಂಗಳೂರಿನ ಬಡಾವಣೆಗೆ ಸಂದಿತು. ಸೋತವನದು ತೊಟ್ಟಿಲಿಗೆ ಬಂತು. ತಾಯಂದಿರು ಯುದ್ಧ ನೋಡಿ ಹೆಸರಿಡುವುದಿಲ್ಲ. ಕರೆದರೆ ನಾಲಿಗೆಗೆ ಹಿತವಾಗಬೇಕು, ಅರ್ಥ ಶುಭವಾಗಿರಬೇಕು.

ನನ್ನ ಮಗನಿಗೆ ಪುಲಿಕೇಶಿ ಎಂದಿಡುವ ಆಸೆಯಿತ್ತು. "ಹಸುಗೂಸಿಗೆ ಇಷ್ಟು ಭಾರದ ಹೆಸರೇನೇ?" ಎಂದರು ಅತ್ತೆ. ನಾನು ಸುಮ್ಮನಾದೆ. ಅವನೂ ಹರ್ಷನೇ ಆದ. ಶಾಲೆಯಲ್ಲಿ ಆ ಒಬ್ಬ ಹುಡುಗನ ಹೆಸರು ಕರೆಯುವಾಗ ಮಾತ್ರ ನನ್ನ ದನಿ ತುಸು ಎತ್ತರವಾಗುತ್ತಿತ್ತು.